ಫೈಟರ್ ಮೀನಿನ ಬಾಣಂತನ

ಕಳೆದ ತಿಂಗಳು ದೊಡ್ಡಆಲಹಳ್ಳಿಯಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು ಕನಕಪುರಕ್ಕೆ ಬಂದು ರಾಮನಗರದ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಜೋರು ಮಳೆ ಬಂದು ಆಗಷ್ಟೇ ಬಿಟ್ಟಿತ್ತು. ನಿಲ್ದಾಣದ ಪಕ್ಕದ ಕಾಂಪೌಂಡಿನೊಳಗೆ ಒಂದು ಬಾದಾಮಿ ಮರ. ಅದರ ಅಗಲವಾದ ಕೆಂಪು ಎಲೆಗಳು ಗುಂಡಿಯ ನೀರಿಗೆ ಉದುರಿ, ನೆನೆದು, ನೀರೆಲ್ಲ ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಎಲೆ ಆರಿಸಲು ಬಗ್ಗಿದೆ. ಪಕ್ಕದಲ್ಲಿದ್ದ ಹೆಂಗಸೊಬ್ಬಳು, "ಯಾವ ಕಾಯ್ಲೆಗಮ್ಮ ಇದು, ಸಕ್ಕರೆ ಕಾಯ್ಲೆಗಾ?" ಎಂದು ಕೇಳಿದಳು. "ಮೀನಿಗೆ" ಎಂದೆ. ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಒಂದು ಹೆಜ್ಜೆ ಆಚೆ ಸರಿದು ನಿಂತಳು.

ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಒದ್ದೆ ಎಲೆಯ ವಾಸನೆ ದಾರಿಯುದ್ದಕ್ಕೂ ಬಿಡಲಿಲ್ಲ. ಅತ್ತೆಯ ಉಸಿರು ಕೈಗೆ ಸಿಕ್ಕಂತೆ ಸಿಕ್ಕು ಜಾರಿಹೋಗುತ್ತಿದ್ದ ಆ ಮಳೆಗಾಲವನ್ನು ಅದು ಮತ್ತೆ ನನ್ನೆದುರು ತಂದಿಟ್ಟಿತು.

ನನ್ನ ಅತ್ತೆ ಚಿಕ್ಕತಾಯಮ್ಮ ಎಂದರೆ ಕೈಲಾಂಚದ ಸುತ್ತಮುತ್ತ ರೇಷ್ಮೆ ಸಾಕುವವರಿಗೆಲ್ಲ ಗೊತ್ತು. ಮಾವ ತೀರಿಕೊಂಡ ಮೇಲೂ ಒಂದು ಬೆಳೆ ತಪ್ಪಿಸದೆ ಹುಳು ಸಾಕಿದವರು. ಹುಳುಮನೆಯ ಬಾಗಿಲು ತೆಗೆದು ಒಂದು ಸಲ ಮೂಗೆಳೆದರೆ ಸಾಕು, ಯಾವ ಅಟ್ಟಣೆಯ ಹುಳುವಿಗೆ ರೋಗ ತಗಲಿದೆ ಎಂದು ಹೇಳುತ್ತಿದ್ದರು. ಹೇಳಿದ್ದು ಎಷ್ಟೋ ಸಲ ತಪ್ಪಾಗುತ್ತಿತ್ತು, ಆದರೆ ಅದನ್ನು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಕೊನೆಗೆ ಆ ಮೂಗೇ ಅವರಿಗೆ ಶತ್ರುವಾಯಿತು.

ಕೆಮ್ಮು ಅವರಿಗೆ ಹಳೆಯದು. ಹುಳು ಇರುವಾಗ ಜಾಸ್ತಿ, ಹುಳು ಇಲ್ಲದಿರುವಾಗ ಕಡಿಮೆ. ಇದನ್ನು ನಾವು ಯಾರೂ ಗಮನಿಸಿರಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಹುಳು ಇಲ್ಲದ ದಿನವೇ ಅಪರೂಪ. ಆ ವರ್ಷ ಬೇಸಿಗೆಯ ಕೊನೆಯಲ್ಲಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಎತ್ತಲು ಹೋದವರು ಅದರ ಸಮೇತ ಕುಸಿದರು. ಉಸಿರೆಳೆಯಲು ಆಗುತ್ತಿಲ್ಲ, ತುಟಿ ನೀಲಿಗಟ್ಟುತ್ತಿದೆ. ನನ್ನ ಗಂಡ ಮಹದೇವ ಹಾಲಿನ ಡೇರಿಯ ಟೆಂಪೋದಲ್ಲೇ ಅವರನ್ನು ಮಲಗಿಸಿಕೊಂಡು ರಾಮನಗರಕ್ಕೆ ಓಡಿಸಿದ. ನಾನು ಹಿಂದೆ ಕೂತು ಅವರ ತಲೆ ಹಿಡಿದುಕೊಂಡಿದ್ದೆ.

ಡಾಕ್ಟರು ಮಾತು ಮರೆಮಾಚುವವರಲ್ಲ. "ಇವರಿಗೆ ಹುಳದ್ದೇ ಅಲರ್ಜಿ. ಇನ್ನು ಹುಳದ ಮನೆಯೊಳಗೆ ಕಾಲಿಡಬಾರದು. ಇನ್ನೊಂದು ಸಲ ಹೀಗಾದರೆ, ಇಲ್ಲಿಗೆ ತಂದು ಸೇರಿಸೋವರೆಗೂ ಇರ್ತಾರೆ ಅಂತ ನಾನು ಹೇಳೋಕಾಗಲ್ಲ" ಎಂದರು. ಅತ್ತೆ ಮಾಸ್ಕಿನೊಳಗಿಂದಲೇ ನನ್ನನ್ನು ಕರೆದು, "ಸೊಪ್ಪು ಹಾಕಿದ್ರಾ?" ಎಂದು ಕೇಳಿದರು.

ಹಾಗೆ ಹುಳುಮನೆ ನನ್ನ ಪಾಲಿಗೆ ಬಂತು. ನಾನು ರಾಮನಗರ ಪೇಟೆಯಲ್ಲಿ ಬೆಳೆದವಳು. ಮದುವೆಯಾದ ಮೇಲೆ ಹಿಪ್ಪುನೇರಳೆ ಸೊಪ್ಪು ಕೊಯ್ದಿದ್ದೆ, ಹೊತ್ತಿದ್ದೆ, ಕಸ ಬಳಿದಿದ್ದೆ. ಆದರೆ ಹುಳುವಿನ ಯಜಮಾನಿಕೆ ಅತ್ತೆಯದೇ. ಈಗ ಕೆಲಸ ನನ್ನದು, ಯಜಮಾನಿಕೆ ಇನ್ನೂ ಅವರದು. ಹುಳುಮನೆಯ ಕಿಟಕಿಗೆ ಹೊಡೆದ ನೈಲಾನ್ ಬಲೆಗೆ ಮೂಗು ಅಂಟಿಸಿಕೊಂಡು ನಿಂತುಬಿಡುತ್ತಿದ್ದರು. "ಅಷ್ಟ್ ದಪ್ಪಗ್ ಹಾಕ್ಬ್ಯಾಡ ಕಣಮ್ಮಿ. ಆ ಮೂಲೆ ನೋಡು. ಅಯ್ಯೋ, ಹಂಗಲ್ಲ, ಸರಿ ಆಚೀಗೆ, ನಾನೇ ಬತ್ತೀನಿ." ನಾನೇ ಬತ್ತೀನಿ ಎಂಬ ಮಾತು ಕೇಳಿದರೆ ನಾನು ಓಡಿಹೋಗಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ.

ಬಂದೂ ಬಿಡುತ್ತಿದ್ದರು. ನಾನು ತೋಟಕ್ಕೆ ಹೋದ ಹೊತ್ತು ನೋಡಿಕೊಂಡು, ಮೂಗಿಗೆ ಸೆರಗು ಕಟ್ಟಿಕೊಂಡು ಕಳ್ಳರ ಹಾಗೆ ಒಳಗೆ ನುಗ್ಗುವುದು. ಮುಂಗಾರು ಹಿಡಿದ ಹೊಸದರಲ್ಲಿ ಒಂದು ದಿನ ಮತ್ತೆ ಹಾಗೇ ಆಯಿತು. ಮತ್ತೆ ಟೆಂಪೋ, ಮತ್ತೆ ಆಸ್ಪತ್ರೆ. ಈ ಸಲವೂ ಉಳಿಸಿಕೊಂಡೆವು. ವಾಪಸ್ ಬರುವಾಗ ಮನೆ ಹತ್ತಿರ ಮಹದೇವ, "ಹುಳ ಸಾಕೋದೇ ನಿಲ್ಸ್ಬುಡಾನ?" ಎಂದ. ಅತ್ತೆ ಹಿಂದಿನಿಂದ, "ನಾನ್ ಸತ್ ಮ್ಯಾಲೆ ನಿಲ್ಸು" ಎಂದರು. ಸುತ್ತಿನವರೆಲ್ಲ ಅವರನ್ನು ಹುಳದ ಚಿಕ್ಕತಾಯಮ್ಮ ಎಂದೇ ಕರೆಯುವುದು. ಹುಳು ತೆಗೆದರೆ ಉಳಿಯುವುದೇನು ಎಂದು ಅವರಿಗೆ ಭಯ. ಅದು ನನಗೂ ಗೊತ್ತಿತ್ತು. ಗೊತ್ತಿದ್ದರೂ ಸಿಟ್ಟು ಕಮ್ಮಿಯಾಗಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ಆ ಸಿಟ್ಟಿನಲ್ಲೇ ಮರುದಿನ ತವರಿಗೆ ಹೋದೆ. ನಮ್ಮ ಬೀದಿಯ ತುದಿಯಲ್ಲಿ ರಹಮತ್ ಚಾಚಾ ಅವರ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ. ಗೂಡು ಬೇಯಿಸುವ ಬಿಸಿನೀರಿನಿಂದ ಆ ಕಟ್ಟಡ ಚಳಿಗಾಲದಲ್ಲೂ ಬೆಚ್ಚಗಿರುತ್ತದೆ. ಒಳಗಿನ ಗೋಡೆಗೆ ಹಲಗೆ ಹೊಡೆದು, ಸಾಲು ಸಾಲು ಗಾಜಿನ ಬಾಟಲಿಗಳಲ್ಲಿ ಅವರು ಫೈಟರ್ ಮೀನು ಸಾಕಿದ್ದರು. ಅಂಗಡಿಗಳಲ್ಲಿ ಬೆಟ್ಟಾ ಎನ್ನುತ್ತಾರೆ; ರಾಮನಗರದಲ್ಲಿ ಎಲ್ಲರಿಗೂ ಅದು ಫೈಟರ್. ಒಂದು ಬಾಟಲಿಗೆ ಒಂದೇ ಗಂಡು. ಎರಡು ಬಿಟ್ಟರೆ ರೆಕ್ಕೆ ಬಾಲ ಹರಿಯುವವರೆಗೆ ಕಾದಾಡುತ್ತವೆ. ಚಿಕ್ಕಂದಿನಲ್ಲಿ ನಾನು ಶಾಲೆಯಿಂದ ಬರುತ್ತಾ ಆ ಬಾಟಲಿಗಳ ಮುಂದೆ ನಿಂತು ನಿಂತು ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದೆ.

"ಚಾಚಾ, ಒಂದು ಕಡೆ ಕೂರದೆ ಇರೋರನ್ನ ಕೂರಿಸೋಕೆ ಏನು ಮಾಡಬೇಕು?" ಎಂದೆ.

"ಟೀವಿ ಕೊಡ್ಸಮ್ಮ."

"ಟೀವಿ ಅದರ ಪಾಡಿಗೆ ಓಡ್ತಾ ಇರುತ್ತೆ, ಇವರು ಎದ್ದು ಹೋಗ್ತಾರೆ. ಎದ್ದು ಹೋದ್ರೆ ಸತ್ತು ಹೋಗೋ ಅಂಥದ್ದು ಏನಾದ್ರೂ ಬೇಕು."

ಚಾಚಾ ಕೈಯಲ್ಲಿದ್ದ ಬೀಡಿಯನ್ನು ಕೆಳಗಿಟ್ಟು ಯೋಚಿಸಿದರು. ಅತ್ತೆಯ ಗೂಡನ್ನು ಎಷ್ಟೋ ಸಲ ಮಾರುಕಟ್ಟೆಯ ಹರಾಜಿನಲ್ಲಿ ಕೊಂಡವರು ಅವರು; ಅತ್ತೆ ಎಂಥವರು ಎಂದು ಬಲ್ಲರು. "ಹಂಗಾದ್ರೆ ಮೀನು ಕೊಟ್ರೆ ಆಗಲ್ಲ ಬೇಟಿ. ಮರಿ ಮಾಡ್ಸೋಕೆ ಕೊಡ್ಬೇಕು" ಎಂದು ಎದ್ದು, ನೀಲಿ ಬಣ್ಣದ ಒಂದು ಗಂಡನ್ನೂ ಹೊಟ್ಟೆ ತುಂಬಿಕೊಂಡ ಒಂದು ಹೆಣ್ಣನ್ನೂ ಬೇರೆ ಬೇರೆ ಕವರಿಗೆ ಹಾಕಿ ಕೊಟ್ಟರು. ಜೊತೆಗೆ ಒಣಗಿದ ಬಾದಾಮಿ ಎಲೆಯ ಒಂದು ಕಟ್ಟು. ಆ ಎಲೆ ನೆನೆದ ನೀರೆಂದರೆ ಫೈಟರ್ ಮೀನಿಗೆ ತವರುಮನೆ.

ಅತ್ತೆ ಕವರನ್ನು ಬೆಳಕಿಗೆ ಹಿಡಿದು ನೋಡಿ, "ಎರಡು ಬೆರಳು ಗಾತ್ರ ಇಲ್ಲ. ಸಾರ್ಗಾಯ್ತದಾ?" ಎಂದರು. ನಾನು ಜಗಲಿಯ ಮೂಲೆಯಲ್ಲಿ ಒಂದು ಅಗಲವಾದ ಪ್ಲಾಸ್ಟಿಕ್ ಟಬ್ಬಿಟ್ಟು, ಒಂದು ಗೇಣು ನೀರು ಬಿಟ್ಟು, ಬಾದಾಮಿ ಎಲೆ ಹಾಕಿ, ಅರ್ಧ ಕತ್ತರಿಸಿದ ಥರ್ಮಾಕೋಲ್ ಲೋಟವನ್ನು ತೇಲಿಸಿದೆ. ಗಂಡನ್ನು ಟಬ್ಬಿಗೆ ಬಿಟ್ಟೆ. ಹೆಣ್ಣನ್ನು ಗಾಜಿನ ಬಾಟಲಿಯಲ್ಲೇ ನಡುವೆ ನಿಲ್ಲಿಸಿದೆ. "ಅತ್ತೆ, ಗಂಡು ಆ ಲೋಟದ ಕೆಳಗೆ ನೊರೆ ಕಟ್ಟುತ್ತೆ. ಕಟ್ಟಿದ ಮೇಲೆ ಹೆಣ್ಣು ಬಿಡಬೇಕು. ಹೊಡೆದಾಡಿದ್ರೆ ತಕ್ಷಣ ಬಿಡಿಸಬೇಕು. ನನಗೆ ಹುಳದ ಕೆಲಸ ಇದೆ, ನೀವೇ ನೋಡ್ಕೊಬೇಕು" ಎಂದು ಹೇಳಿ ತೋಟಕ್ಕೆ ಹೊರಟುಹೋದೆ.

ಸೊಪ್ಪಿನ ಹೊರೆ ಹೊತ್ತು ಬಂದಾಗ ಅತ್ತೆ ಟಬ್ಬಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ನನ್ನ ಕಡೆ ತಿರುಗದೆ, "ಬಾಯಲ್ಲೇ ಗುಳ್ಳೆ ಬುಡ್ತದೆ ಕಣಮ್ಮಿ, ಒಂದೊಂದೇ ತಂದ್ ಜೋಡುಸ್ತದೆ" ಎಂದರು. ಅವತ್ತು ಹುಳುಮನೆಯ ಕಿಟಕಿಯಲ್ಲಿ ಮೂಗು ಕಾಣಿಸಲಿಲ್ಲ. ನಾನು ಒಳಗೊಳಗೇ ಕುಣಿದಾಡಿದೆ.

ನೊರೆ ಗೂಡು ದಪ್ಪವಾದ ಮೇಲೆ ಹೆಣ್ಣನ್ನು ಬಿಟ್ಟೆವು. ಮೊದಲು ಗಂಡು ಅದನ್ನು ಟಬ್ಬಿನ ಸುತ್ತ ಅಟ್ಟಾಡಿಸಿತು. ಆಮೇಲೆ ನೊರೆಯ ಕೆಳಗೆ ಕರೆದುಕೊಂಡು ಹೋಗಿ ಮೈ ಬಳಸಿ ಸುತ್ತಿಕೊಂಡಿತು. "ಥೂ, ನಾಚ್ಕೆಗೆಟ್ಟವು" ಎಂದು ಅತ್ತೆ ಮುಖ ತಿರುಗಿಸಿದರು, ಆದರೆ ಕಣ್ಣು ಮಾತ್ರ ಟಬ್ಬಿನಲ್ಲೇ. ಬಿಳಿ ರವೆಯಂಥ ಮೊಟ್ಟೆಗಳು ಉದುರತೊಡಗಿದವು. ಗಂಡು ಕೆಳಗೆ ಧುಮುಕಿ ಅವನ್ನು ಬಾಯಲ್ಲಿ ಎತ್ತಿಕೊಂಡು ಹೋಗಿ ಒಂದೊಂದು ಗುಳ್ಳೆಗೂ ಉಗಿದು ಇಟ್ಟಿತು. ಹೆಣ್ಣು ಕೆಳಗೆ ಬಿದ್ದದ್ದನ್ನು ಮೆಲ್ಲಗೆ ನುಂಗಲು ಶುರುಮಾಡಿದಾಗ ನಾನು ಅದನ್ನು ಹಿಡಿದು ಬೇರೆ ಮಾಡಿದೆ.

ಅತ್ತೆ ಗಲ್ಲದ ಮೇಲೆ ಕೈಯಿಟ್ಟುಕೊಂಡರು. "ಹೆತ್ತೋಳೇ ತಿನ್ನಕ್ಕೋಯ್ತಾಳೆ, ಗಂಡು ಬಾಣಂತನ ಮಾಡ್ತಾನೆ! ನಾನು ಮಾದೇವುನ್ನ ಹೆತ್ತಾಗ ನಿಮ್ ಮಾವ ಒಂದ್ ಚೊಂಬು ನೀರ್ ಕಾಯ್ಸಿ ಕೊಟ್ಟೋರಲ್ಲ. ಬಂದು ಕಲೀಬೇಕಾಗಿತ್ತು ಇಲ್ಲಿ."

ಮೊಟ್ಟೆಯೊಡೆದು ಮರಿ ಬಂದವು. ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವ ಎಳೆಗಳು. ನೊರೆಯಿಂದ ಬಾಲ ಕೆಳಗಾಗಿ ನೇತಾಡುತ್ತವೆ. ಜಾರಿ ಬಿದ್ದರೆ ಅಪ್ಪ ಬಾಯಲ್ಲಿ ಎತ್ತಿಕೊಂಡು ಹೋಗಿ ಮತ್ತೆ ನೇತುಹಾಕುತ್ತದೆ. ಆ ಹೊತ್ತಿನಲ್ಲಿ ಮರಿಗೆ ಮೇವು ಬೇಡ, ಹೊಟ್ಟೆಯಲ್ಲೇ ಬುತ್ತಿ ಇರುತ್ತದೆ. ಇಷ್ಟನ್ನೂ ಅತ್ತೆಗೆ ಹೇಳಿದೆ. ಹೇಳಿದ್ದು ಅರ್ಧ, ಉಳಿದ ಅರ್ಧವನ್ನು ಅವರು ತಮ್ಮ ಅನುಭವದಿಂದ ತುಂಬಿಸಿಕೊಂಡರು.

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳುವಿಗೆ ಮೇವು ಹಾಕುವುದಿಲ್ಲ. ಹಾಸಿಗೆ ಒಣಗಿರಲಿ ಎಂದು ಸುಣ್ಣದ ಪುಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮೇಲಿಂದ ಉದುರಿಸುತ್ತೇವೆ. ಹುಳು ಸಾಕುವವರ ಕೈಗೆ ಇದು ಯೋಚನೆ ಮಾಡದೆ ಬರುವ ಕೆಲಸ, ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ.

ಮರಿಗಳು ಅಲುಗಾಡದೆ ನೇತಾಡುತ್ತಿದ್ದವು. ಮೇವು ಬೇಡ ಎಂದು ನಾನೇ ಹೇಳಿದ್ದೆ.

ಹುಳುಮನೆಯಿಂದ ಬಂದಾಗ ಅತ್ತೆ ಜಗಲಿಯಲ್ಲಿ ಸಂತೋಷವಾಗಿ ಕೂತಿದ್ದರು. ಬೆರಳೆಲ್ಲ ಬಿಳಿ. "ಜ್ವರುಕ್ ಕೂತಿದ್ವು ಕಣಮ್ಮಿ. ಒಸಿ ಸುಣ್ಣ ಹೊಡ್ದಿವ್ನಿ. ಇನ್ನೇನ್ ಭಯ ಇಲ್ಲ."

ಟಬ್ಬಿನ ಮೇಲೆ ಹಾಲಿನ ಕೆನೆಯಂತೆ ಬಿಳಿ ಪದರ ಕಟ್ಟಿತ್ತು. ಗಂಡು ಪಕ್ಕಕ್ಕೆ ವಾಲಿಕೊಂಡು ಒದ್ದಾಡುತ್ತಿತ್ತು. ಅದನ್ನು ಬೊಗಸೆಯಲ್ಲಿ ಎತ್ತಿ ಬೇರೆ ನೀರಿಗೆ ಬಿಟ್ಟೆ. ಮರಿಗಳಲ್ಲಿ ಒಂದೂ ಉಳಿದಿರಲಿಲ್ಲ. "ಹುಳಕ್ಕೂ ಮೀನಿಗೂ ವ್ಯತ್ಯಾಸ ಬೇಡವಾ ಅತ್ತೆ? ನೀರಲ್ಲಿರೋದಕ್ಕೆ ಯಾರಾದ್ರೂ ಸುಣ್ಣ ಹೊಡೀತಾರಾ?" ಎಂದು ಬೀದಿಗೆ ಕೇಳಿಸುವ ಹಾಗೆ ಕೂಗಿದೆ. ಅವರು ಬಿಳಿ ಬೆರಳುಗಳನ್ನು ಸೀರೆಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

ಸಂಜೆ ಕಾಫಿಗೆ ಕರೆದರೆ ಇಲ್ಲ. ಹಿತ್ತಿಲಲ್ಲಿ ಇಲ್ಲ, ಕೊಟ್ಟಿಗೆಯಲ್ಲಿ ಇಲ್ಲ. ಹುಳುಮನೆಯ ಬಾಗಿಲು ಅರ್ಧ ತೆರೆದಿತ್ತು. ಅಟ್ಟಣೆಗಳ ನಡುವೆ ನೆಲದ ಮೇಲೆ ಕೂತು, ಮೂಗಿಗೆ ಸೆರಗೂ ಇಲ್ಲದೆ, ಹುಳುಗಳ ಮೇಲೆ ಕೈಯಾಡಿಸುತ್ತಿದ್ದರು. ಎದೆಯಿಂದ ಶಿಳ್ಳೆ ಹೊಡೆದಂಥ ಸದ್ದು. ತೋಳು ಹಿಡಿದು ಎತ್ತಿ ಹೊರಗೆ ತಂದು, ಇನ್‌ಹೇಲರ್ ಬಾಯಿಗಿಟ್ಟು ಒತ್ತಿದೆ. ಮತ್ತೆ ಒತ್ತಿದೆ. ಉಸಿರು ಒಂದು ಹದಕ್ಕೆ ಬಂದಾಗ, "ಇವಾದ್ರೂ ನನ್ ಕೈಲಿ ಬದುಕ್ತಾವೆ ಕಣಮ್ಮಿ" ಎಂದರು.

ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ನನ್ನ ಅಮ್ಮ ನಾನು ಕಾಲೇಜಿನಲ್ಲಿದ್ದಾಗಲೇ ಹೋದಳು. ಈ ಮನೆಗೆ ಬಂದ ಹೊಸದರಲ್ಲಿ ನನಗೆ ಜಡೆ ಹಾಕಿ, ಕೈತುತ್ತು ಹಾಕಿದವರು ಇವರು. ಇವರನ್ನೂ ಕಳೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಅದನ್ನೆಲ್ಲ ಹೇಳಲು ಬಾರದೆ, "ನೀವು ಸತ್ರೆ ನಾನು ಹುಳಾನೂ ಸಾಕಲ್ಲ, ನಿಮ್ಮ ಮಗನ್ನೂ ಸಾಕಲ್ಲ" ಎಂದೆ. ಅತ್ತೆ ಆ ಸ್ಥಿತಿಯಲ್ಲೂ ನಕ್ಕರು. ಆದರೆ ಟಬ್ಬಿನ ಕಡೆ ಮಾತ್ರ ಮತ್ತೆ ಹೋಗಲಿಲ್ಲ. ಮಾರನೆಯ ದಿನದಿಂದ ಕಿಟಕಿಯ ಬಲೆಯಲ್ಲಿ ಮತ್ತೆ ಮೂಗು.

ಮಹದೇವ ವಿಷಯ ಹೇಳಿರಬೇಕು, ಆ ವಾರದಲ್ಲೇ ರಹಮತ್ ಚಾಚಾ ತಾವೇ ಸ್ಕೂಟರಿನಲ್ಲಿ ಬಂದರು. ಜಗಲಿಯಲ್ಲಿ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಅತ್ತೆಯನ್ನು ಕರೆದರು.

"ಅಮ್ಮಾ, ನಾನು ಮೊದಲನೇ ಸಲ ಮರಿ ಮಾಡ್ಸಿದಾಗ ಟಬ್ಬನ್ನ ಚೆನ್ನಾಗಿ ಸೋಪಲ್ಲಿ ತಿಕ್ಕಿ ಬಿಟ್ಟೆ. ಕ್ಲೀನಾಗಿರ್ಲಿ ಅಂತ. ಒಂದೂ ಉಳೀಲಿಲ್ಲ. ಎರಡನೇ ಸಲ ಜಾಸ್ತಿ ಮೇವು ಹಾಕಿ ನೀರು ಕೊಳೆಸ್ದೆ. ನಿಮ್ದು ಸುಣ್ಣ, ಅಷ್ಟೇಯ."

"ಕೊಂದೋಳ್ ಕೈಗೆ ಮತ್ತೆ ಕೊಡ್ತೀರಾ ಸಾಬ್ರೇ?"

"ಇನ್ಯಾರಿಗೆ ಕೊಡ್ಲಿ? ಸುಣ್ಣ ಹಾಕ್ಬಾರ್ದು ಅನ್ನೋದು ಈ ಜಿಲ್ಲೇಲಿ ನಿಮ್ಮಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲವಲ್ಲ!"

ಅತ್ತೆಗೆ ನಗು ತಡೆಯಲಾಗಲಿಲ್ಲ. ಚಾಚಾ ನೀಲಿ ಗಂಡನ್ನು ಪರೀಕ್ಷೆ ಮಾಡಿ, ರೆಕ್ಕೆ ಸುಟ್ಟಿದೆ, ಆದರೆ ಕಣ್ಣಲ್ಲಿ ಜೀವ ಇದೆ, ಸೊಳ್ಳೆ ಮರಿ ತಿನ್ನಿಸಿದರೆ ಚೇತರಿಸಿಕೊಳ್ಳುತ್ತದೆ ಎಂದರು. "ಬದುಕ್ಸಿದ್ರೆ ಅದೇ ಇನ್ನೊಂದ್ಸಲ ಗೂಡು ಕಟ್ಟುತ್ತೆ" ಎಂದು ಹೇಳಿ ಸ್ಕೂಟರ್ ಹತ್ತಿದರು.

ಬದುಕಿಸಬೇಕು ಎಂಬ ಮಾತು ಅತ್ತೆಗೆ ನಾಟಿತು. ಕೊಟ್ಟಿಗೆಯ ಹಿಂದೆ ಒಂದು ಬಕೆಟ್ಟಿನಲ್ಲಿ ನೀರು ನಿಲ್ಲಿಸಿ, ಹುಲ್ಲು ಹಾಕಿ, ಸೊಳ್ಳೆ ಮರಿ ಬರಿಸಿ, ಟೀ ಜರಡಿಯಲ್ಲಿ ಸೋಸಿ ತಂದು ಹಾಕುತ್ತಿದ್ದರು. ಗಂಡಿನ ಬಣ್ಣ ತಿರುಗಿತು, ರೆಕ್ಕೆ ಚಿಗುರಿತು. ಒಂದು ಬೆಳಗ್ಗೆ ಲೋಟದ ಕೆಳಗೆ ಗುಳ್ಳೆಗಳು. ಅತ್ತೆ ನನ್ನನ್ನು ಕರೆದ ಕೂಗಿಗೆ ಪಕ್ಕದ ಮನೆಯವರೂ ಓಡಿಬಂದರು. ಈ ಸಲ ಮೊಟ್ಟೆ ಇಟ್ಟ ಮೇಲೆ ಅತ್ತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಟಬ್ಬಿನ ಹತ್ತಿರ ಹೋಗುತ್ತಿದ್ದರು.

ಮರಿಗಳು ನೇತಾಡುವುದನ್ನು ಬಿಟ್ಟು ಅಡ್ಡಡ್ಡ ಈಜತೊಡಗಿದವು. ಅಪ್ಪನನ್ನು ತೆಗೆದೆವು, ಆ ಹಂತ ದಾಟಿದರೆ ಅದೂ ಮರಿಗಳನ್ನೇ ತಿಂದುಬಿಡಬಹುದು. ಮಳೆಗಾಲ ಜೋರಾಗಿತ್ತು, ಊರಲ್ಲಿ ಡೆಂಗ್ಯೂ ಸುದ್ದಿ. ಆಶಾ ಕಾರ್ಯಕರ್ತೆ ಶೋಭಾ ಮನೆ ಮನೆಗೂ ಬಂದು ತೊಟ್ಟಿ, ಡ್ರಮ್ಮು, ಟೈರುಗಳಲ್ಲಿ ನಿಂತ ನೀರು ನೋಡುತ್ತಿದ್ದಳು. ನಮ್ಮ ಜಗಲಿಗೆ ಬಂದು ಟಬ್ಬಿನ ಮೇಲೆ ಮುಚ್ಚಿದ್ದ ಪ್ಲಾಸ್ಟಿಕ್ ಎತ್ತಿದಳು. ಎಲೆ ಕೊಳೆತ ಕಂದು ನೀರು, ಒಳಗೆ ಸಣ್ಣ ಸಣ್ಣ ಎಳೆಗಳು ಓಡಾಡುತ್ತಿವೆ. "ಅಯ್ಯಯ್ಯೋ, ಎಷ್ಟೊಂದ್ ಲಾರ್ವಾ!" ಎಂದು ಟಬ್ಬಿನ ಅಂಚಿಗೆ ಕೈ ಹಾಕಿ ಎತ್ತಿಯೇಬಿಟ್ಟಳು.

ಅಡುಗೆಮನೆಯಿಂದ ಅತ್ತೆ ಬಂದ ರಭಸ ನಾನು ಇವತ್ತಿಗೂ ಮರೆತಿಲ್ಲ. "ಬುಡೇ! ಕೆಳಗ್ ಬುಡೇ! ನನ್ ಮಕ್ಳು ಕಣೇ ಅವು!"

ಶೋಭಾ ಗಾಬರಿಯಾಗಿ ಟಬ್ಬನ್ನು ಅಲ್ಲೇ ಇಳಿಸಿದಳು. ಆಮೇಲೆ ಟಾರ್ಚು ಬಿಟ್ಟು ನೋಡಿ, ಕಣ್ಣು ಬಾಲ ಗುರುತು ಹಿಡಿದು, "ಹೌದಲ್ಲ ಚಿಕ್ಕತಾಯಕ್ಕ, ಮೀನೇಯ" ಎಂದು ಕಣ್ಣರಳಿಸಿದಳು. ಆದರೆ ಬುದ್ಧಿವಂತೆ. ಕೊಟ್ಟಿಗೆಯ ಹಿಂದಿನ ಬಕೆಟ್ಟನ್ನು ಹುಡುಕಿ ತೆಗೆದು, "ಇದ್ ಮಾತ್ರ ಮೀನಲ್ಲ" ಎಂದು ಬಿಸಿಲಿಗೆ ಚೆಲ್ಲಿದಳು. ಅತ್ತೆ ಇನ್ನಿಲ್ಲದಂತೆ ಬೈದರು. ಕೊನೆಗೆ ರಾಜಿಯಾಯಿತು. ಮನೆಯಲ್ಲಿ ಸೊಳ್ಳೆ ಬೆಳೆಸಬಾರದು. ಬದಲಿಗೆ ಯಾರ ಮನೆಯ ತೊಟ್ಟಿಯಲ್ಲಿ ಲಾರ್ವಾ ಸಿಕ್ಕರೂ ಶೋಭಾ ಚೆಲ್ಲುವ ಮುಂಚೆ ಅತ್ತೆಗೆ ಫೋನ್ ಮಾಡಬೇಕು. ಅತ್ತೆ ಜರಡಿ, ಡಬ್ಬಿ ಹಿಡಿದುಕೊಂಡು ಹೊರಡುತ್ತಿದ್ದರು. ಹುಳುಮನೆ ಬಿಟ್ಟು ಬೇರೆ ಬೀದಿಗೆ ಕಾಲಿಡದವರು ಆ ಮಳೆಗಾಲದಲ್ಲಿ ಊರಿನ ಎಲ್ಲ ಹಿತ್ತಿಲುಗಳನ್ನೂ ನೋಡಿದರು. ದೊಡ್ಡ ಮೀನಿಗೆ ಆ ಮೇವು, ಚಿಕ್ಕ ಮರಿಗಳಿಗೆ ಮಾತ್ರ ಅದು ಬಾಯಿಗೆ ಹಿಡಿಸದು.

ಮರಿಗಳ ಮೇವಿಗೆ ಚಾಚಾ ಸೀಗಡಿ ಮೊಟ್ಟೆಯ ಪೊಟ್ಟಣ ಕಳಿಸಿದ್ದರು. ನೋಡಲು ಕಂದು ಧೂಳು. ಉಪ್ಪುನೀರಿನ ಬಾಟಲಿಗೆ ಹಾಕಿ ಬೆಚ್ಚಗಿಟ್ಟರೆ ಒಡೆದು, ಕಣ್ಣಿಗೆ ಕಂಡೂ ಕಾಣದ ಕಿತ್ತಳೆ ಬಣ್ಣದ ಸೀಗಡಿ ಮರಿಗಳು ಹೊರಬರುತ್ತವೆ. ಮೊಟ್ಟೆ ಎಂಬ ಮಾತು ಕೇಳಿದ್ದೇ ಅತ್ತೆ ನೆಟ್ಟಗೆ ಕೂತರು. ಅವರ ಚಿಕ್ಕಂದಿನಲ್ಲಿ ರೇಷ್ಮೆ ಮೊಟ್ಟೆಯನ್ನು ಮ‌ನೆಯಲ್ಲೇ ಒಡೆಸುತ್ತಿದ್ದರಂತೆ; ಅವರ ತಾಯಿ ಕೋಳಿ ಗರಿಯಿಂದ ಮರಿ ಹುಳುಗಳನ್ನು ಸೊಪ್ಪಿಗೆ ಸವರುತ್ತಿದ್ದರಂತೆ. ಈಗ ನಾವು ಮರಿ ಹುಳು ಬೆಳೆಸಿಕೊಡುವ ಚಾಕಿ ಕೇಂದ್ರದಿಂದ ಎರಡು ಜ್ವರ ದಾಟಿದ ಹುಳುವನ್ನೇ ತರುತ್ತೇವೆ, ಮೊಟ್ಟೆ ನೋಡಿ ಎಷ್ಟೋ ಕಾಲವಾಗಿದೆ. ಬಾಟಲಿಯ ಒಂದು ಪಕ್ಕಕ್ಕೆ ಮೊಬೈಲ್ ಬೆಳಕು ಬಿಟ್ಟರೆ ಸೀಗಡಿ ಮರಿಗಳೆಲ್ಲ ಆ ಕಡೆಗೆ ಗುಂಪು ಕಟ್ಟುತ್ತಿದ್ದವು. ಅತ್ತೆ ಔಷಧಿ ಬಾಟಲಿಯ ಫಿಲ್ಲರಿನಲ್ಲಿ ಹೀರಿಕೊಂಡು, ಸಿಹಿನೀರಲ್ಲಿ ತೊಳೆದು, ತೊಟ್ಟು ತೊಟ್ಟಾಗಿ ಟಬ್ಬಿಗೆ ಬಿಡುತ್ತಿದ್ದರು. ಸೀಗಡಿ ತಿಂದ ಮೀನು ಮರಿಗಳ ಹೊಟ್ಟೆ ಕಿತ್ತಳೆಯಾಗಿ ಹೊಳೆಯುತ್ತಿತ್ತು. "ನೋಡಮ್ಮಿ, ಉಂಡವು, ಇದ್ ಉಂಡೈತೆ, ಇದ್ ಇನ್ನೂ ಉಂಡಿಲ್ಲ" ಎಂದು ಒಂದೊಂದನ್ನೂ ಹೊಟ್ಟೆ ನೋಡಿ ಹೇಳುವರು.

ರಾಗಿ ತೆನೆ ಕಟ್ಟುವ ಹೊತ್ತಿಗೆ ಮರಿಗಳು ಬೆರಳ ಗೆಣ್ಣಿನಷ್ಟಾಗಿದ್ದವು, ಮೈಯಲ್ಲಿ ಬಣ್ಣ ಇಣುಕತೊಡಗಿತ್ತು. ಅತ್ತೆಯ ಇನ್‌ಹೇಲರ್ ಗೋಡೆಯ ಗೂಡಿನಲ್ಲಿ ಧೂಳು ಹಿಡಿಯುವುದೊಂದು ಬಾಕಿ. ಆದರೂ ನನಗೂ ಮಹದೇವನಿಗೂ ಒಂದು ಅಂಜಿಕೆ ಇತ್ತು. ಹುಳುಮನೆಯಲ್ಲಿ ಹೊಸ ಬೆಳೆ ಎದ್ದಿತ್ತು, ಅತ್ತೆ ಒಮ್ಮೆಯೂ ಒಳಗೆ ಕಾಲಿಡದೆ ನಾನೊಬ್ಬಳೇ ಮೊದಲಿನಿಂದ ನೋಡಿಕೊಂಡ ಮೊದಲ ಬೆಳೆ. ಹುಳು ಹಣ್ಣಾಗುವ ದಿನ ಹತ್ತಿರ ಬರುತ್ತಿತ್ತು. ಹಣ್ಣಾಗುವುದು ಎಂದರೆ ಹುಳು ಮೇವು ಬಿಟ್ಟು, ಮೈ ಬೆಳಕು ಹಾಯುವಂತೆ ತಿಳಿಯಾಗಿ, ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಅದನ್ನು ಗುರುತಿಸಿ, ಆರಿಸಿ, ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲೆಲ್ಲ ಕಂಡಕಂಡಲ್ಲಿ ಉಗುಳಿ ಹಾಳು. ಅವಸರಪಟ್ಟು ಕಾಯಿ ಹುಳುವನ್ನು ಬಿಟ್ಟರೂ ಹಾಳು. ತಾವು ಮದುವೆಯಾಗಿ ಬಂದಾಗಿನಿಂದ ಅತ್ತೆ ಆ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ; ಹಿಂದಿನ ಬೆಳೆಯಲ್ಲೂ ಕಿಟಕಿಯಾಚೆ ನಿಂತು ಕೂಲಿಯ ಹೆಂಗಸರಿಗೆ ಹೇಳಿ ಹೇಳಿ ಮಾಡಿಸಿದ್ದರು.

"ಅವತ್ತು ಅವ್ವುನ್ನ ಕಟ್ಟಾಕುದ್ರೂ ನಿಲ್ಲಕ್ಕಿಲ್ಲ" ಎಂದ ಮಹದೇವ. ಅತ್ತೆಯನ್ನು ದೊಡ್ಡಆಲಹಳ್ಳಿಯಲ್ಲಿದ್ದ ಅವರ ಮಗಳ ಮನೆಗೆ ಕಳಿಸೋಣ ಎಂದು ನಾವಿಬ್ಬರೂ ಉಪಾಯ ಮಾಡಿದೆವು. ಅತ್ತೆ ಒಪ್ಪಲಿಲ್ಲ. ಮರಿ ಬಿಟ್ಟು ಹೇಗೆ ಹೋಗಲಿ ಎಂದರು. ನಾವು ಮುಖ ಮುಖ ನೋಡಿಕೊಂಡೆವು.

ನಾವು ಎಣಿಸಿದ ದಿನಕ್ಕಿಂತ ಮುಂಚೆಯೇ ಹುಳು ಹಣ್ಣಾಯಿತು. ಬೆಳಗ್ಗೆ ಬಾಗಿಲು ತೆಗೆದರೆ ಅಟ್ಟಣೆಯ ತುದಿಯಲ್ಲಿ ಹುಳುಗಳು ತಲೆಯೆತ್ತಿ ಅಲೆದಾಡುತ್ತಿವೆ. ಹೊರಗೆ ಜಡಿಮಳೆ. ಕೂಲಿಗೆ ಬರುತ್ತೇವೆಂದಿದ್ದ ಹೆಂಗಸರು ಬರಲಿಲ್ಲ. ಮಹದೇವ ಹಾಲು ತೆಗೆದುಕೊಂಡು ರಾಮನಗರಕ್ಕೆ ಹೋಗಿದ್ದ. ಒಂದು ಹುಳು ಕೈಗೆತ್ತಿಕೊಂಡೆ, ಹಣ್ಣು ಅನ್ನಿಸಿತು. ಇನ್ನೊಂದು ಎತ್ತಿಕೊಂಡೆ, ಕಾಯಿ ಅನ್ನಿಸಿತು. ಮತ್ತೆ ಮೊದಲನೆಯದನ್ನು ನೋಡಿದರೆ ಅದೂ ಕಾಯಿಯೇ. ತಿಂಗಳ ದುಡಿಮೆ, ಅತ್ತೆ ಕಟ್ಟಿದ ಹೆಸರು, ಎಲ್ಲ ನನ್ನ ಕೈಯಲ್ಲಿ ಹಾಳಾಗುತ್ತದೆ ಅನ್ನಿಸಿಬಿಟ್ಟಿತು. ತಲೆಯೇ ಕೆಟ್ಟು, ಮಳೆಯಲ್ಲಿ ನೆನೆಯುತ್ತಾ ಮನೆಗೆ ಓಡಿದೆ. ಡಾಕ್ಟರ ಮಾತು, ಟೆಂಪೋ, ನೀಲಿ ತುಟಿ, ಯಾವುದೂ ಆಗ ನೆನಪಿಗೆ ಬರಲಿಲ್ಲ.

"ಅತ್ತೆ, ಹುಳ ಎಲ್ಲ ಒಟ್ಟಿಗೇ ಹಣ್ಣಾಗಿದೆ. ಯಾರೂ ಬಂದಿಲ್ಲ. ನನಗೆ ಗೊತ್ತಾಗ್ತಿಲ್ಲ, ಒಂದ್ ಸಲ ಬನ್ನಿ. ಮೂಗಿಗೆ ಬಟ್ಟೆ ಕಟ್ಕೊಂಡು ಒಂದೇ ಒಂದ್ ಸಲ ಬಂದು ನೋಡಿ."

ಅತ್ತೆ ಜಗಲಿಯಲ್ಲಿ ಉಪ್ಪಿನಕಾಯಿ ಬಾಟಲಿಗಳನ್ನು ಸಾಲಾಗಿ ಜೋಡಿಸಿಕೊಂಡು ಕೂತಿದ್ದರು. ಗಂಡು ಮರಿಗಳು ಅವತ್ತು ಬೆಳಗ್ಗೆ ಕಿತ್ತಾಟ ಶುರುಮಾಡಿದ್ದವು; ಒಂದೊಂದನ್ನೇ ಹಿಡಿದು ಬಾಟಲಿಗೆ ಬಿಡುತ್ತಿದ್ದರು. ಸೌಟಿನಲ್ಲಿ ಒಂದು ಪುಟ್ಟ ನೀಲಿ ಮೀನು ಹೊಳೆಯುತ್ತಿತ್ತು. ನನ್ನ ಮಾತು ಕೇಳಿ ತಲೆಯೆತ್ತಿ, ಹುಳುಮನೆಯ ಕಡೆ ನೋಡಿದರು. ತುಂಬ ಹೊತ್ತು ನೋಡಿದರು. ಅವರ ಕಾಲು ಎದ್ದು ನಿಲ್ಲಲು ಹವಣಿಸಿದ್ದು ನನಗೆ ಕಂಡಿತು.

ಆಮೇಲೆ ಸೌಟಿನ ಮೀನನ್ನು ಮೆಲ್ಲಗೆ ಬಾಟಲಿಗೆ ಇಳಿಸಿದರು.

"ನಾನ್ ಬರಕಿಲ್ಲ ಕಣಮ್ಮಿ. ಇವ್ನ್ ಬುಟ್ಟು ಎದ್ರೆ ಕಿತ್ತಾಡಿ ಸತ್ತೋಯ್ತಾವೆ. ಬೆಳಕಿಗ್ ಹಿಡ್ದು ನೋಡು, ಕುತ್ಗೆ ತಾವ ತಿಳಿಯಾಗಿದ್ರೆ ಹಣ್ಣು. ಇಷ್ಟ್ ದಿವ್ಸ ನೀನೇ ಸಾಕಿದ್ದಲ್ವಾ? ನಿಂಗಲ್ದೆ ಇನ್ಯಾರ್ಗ್ ಗೊತ್ತಾಯ್ತದೆ. ಹೋಗು, ನಿನ್ ಹುಳ ನೀನ್ ನೋಡ್ಕೊ."

ಮೊದಲು ನನಗೆ ಸಿಟ್ಟು ಬಂತು, ಎಂದಿನಂತೆ. ಅಂಗಳ ದಾಟುವಾಗ ಅವರು ಆಡಿದ್ದು ಏನೆಂದು ತಲೆಗೆ ಹತ್ತಿತು. ನಿನ್ನ ಹುಳ ಎಂದಿದ್ದರು. ಬರಕಿಲ್ಲ ಎಂದಿದ್ದರು. ಆ ಒಂದು ಮಾತು ಕೇಳಬೇಕೆಂದೇ ನಾನು ಆ ಮಳೆಗಾಲವೆಲ್ಲ ಒದ್ದಾಡಿದ್ದೆ, ಸಿಕ್ಕ ದಿನವೇ ಅವರನ್ನು ಒಳಗೆ ಎಳೆಯಲು ಹೋಗಿದ್ದೆ. ಮಳೆಯ ನೀರೋ ಕಣ್ಣೀರೋ, ಮುಖ ಒರೆಸಿಕೊಂಡು ಹುಳುಮನೆಯ ಬಾಗಿಲು ತಳ್ಳಿ ಒಳಗೆ ಹೋದೆ. ಒಂದು ಹುಳು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಕುತ್ತಿಗೆಯ ಹತ್ತಿರ ತಿಳಿಯಾಗಿತ್ತು. ಚಂದ್ರಿಕೆಗೆ ಬಿಟ್ಟೆ, ಮತ್ತೊಂದು ಎತ್ತಿಕೊಂಡೆ.

ಸಂಜೆ ಹೊತ್ತಿಗೆ ಹಣ್ಣಾದ ಹುಳುಗಳೆಲ್ಲ ಚಂದ್ರಿಕೆ ಏರಿ ನೂಲು ಬಿಡತೊಡಗಿದ್ದವು. ಕೆಲವು ತಪ್ಪಿರಬಹುದು, ಬಹಳ ಅಲ್ಲ. ನಡುನಡುವೆ ಎಷ್ಟೋ ಸಲ ತಿರುಗಿ ಕಿಟಕಿಯ ಬಲೆಯ ಕಡೆ ನೋಡಿದೆ. ಅತ್ತೆ ಒಂದು ಸಲವೂ ಅಲ್ಲಿಗೆ ಬರಲಿಲ್ಲ.